ಗೆದ್ದಲನ್ನೂ ಎಣಿಸಿ: ಮುಂಬಯಿ ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಬೃಹನ್ಮುಂಬಯಿ ಮಹಾನಗರಪಾಲಿಕೆಯ ಮಾನ್ಯ ಆಯುಕ್ತರಿಗೆ,

ವಂದನೆಗಳು. ದಾದರಿನ ಹಳೆಯ ಚಾಳೊಂದರ (ಸಾಲು ಕೋಣೆಗಳ ವಠಾರದ) ಮೂರನೆಯ ಮಹಡಿಯಲ್ಲಿ ನಮ್ಮ ಕನ್ನಡ ಸಂಘದ ಪುಟ್ಟ ಗ್ರಂಥಾಲಯವಿದೆ. ಹನ್ನೊಂದು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದೇನೆ. ಅಲ್ಲಿನ ಮರದ ಕಪಾಟಿನಲ್ಲಿ ರಾತ್ರಿಶಾಲೆಯ ಹಾಜರಿ ಪುಸ್ತಕಗಳಿದ್ದವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಕ್ಷರ ಕಲಿಯಲು ಬರುತ್ತಿದ್ದ ಉಡುಪಿ, ಕುಂದಾಪುರ ಕಡೆಯ ಹುಡುಗರ ಹೆಸರುಗಳು ಅವುಗಳಲ್ಲಿದ್ದವು. ಕಳೆದ ಜೂನ್‌ನಲ್ಲಿ ಒಂದನ್ನು ಎತ್ತಿದಾಗ ರಟ್ಟು ಮಾತ್ರ ಕೈಗೆ ಬಂತು. ಒಳಗಿನ ಹಾಳೆಗಳು ಜರಡಿಯಾಗಿದ್ದವು.

ಕೀಟ ನಿಯಂತ್ರಣದವರು ಅದಕ್ಕೂ ಮೊದಲೇ ಎರಡು ಬಾರಿ ಬಂದುಹೋಗಿದ್ದರು. ನೆಲಮಹಡಿಯ ಗೋಡೆಯಂಚಿಗೆ ಸಾಲಾಗಿ ತೂತು ಕೊರೆದು ಔಷಧ ಸುರಿದಿದ್ದರು. ಯಾವ ಗೆದ್ದಲು ಎಂದು ಅವರು ನೋಡಲಿಲ್ಲ, ನಾವೂ ಕೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಕಪಾಟಿನ ಕೆಳಗೆ ಗಸಗಸೆಯಂತಹ ಕಾಳುಗಳು ಬಿದ್ದಿರುತ್ತಿದ್ದವು. ಧೂಳೆಂದು ಗುಡಿಸಿ ಎಸೆಯುತ್ತಿದ್ದೆ. ಪ್ರಾಣಿಶಾಸ್ತ್ರ ಕಲಿಸುವ ಸದಸ್ಯರೊಬ್ಬರು ಭೂತಗನ್ನಡಿ ಹಿಡಿದು ತೋರಿಸಿದ ಮೇಲೆಯೇ ತಿಳಿದದ್ದು, ಪ್ರತಿ ಕಾಳಿಗೂ ಆರು ಮುಖ, ಅದು ಒಣಮರದ ಗೆದ್ದಲಿನ ಹಿಕ್ಕೆ ಎಂದು. ಆ ಜಾತಿಗೆ ಮಣ್ಣಿನ ಹಂಗೇ ಇಲ್ಲ. ಮರದೊಳಗೇ ಸಂಸಾರ, ಮರವೇ ಊಟ. ನೆಲಕ್ಕೆ ಸುರಿದ ವಿಷ ಮೂರನೆಯ ಮಹಡಿಯ ಕಪಾಟನ್ನು ಮುಟ್ಟುವುದಾದರೂ ಹೇಗೆ?

ರಸ್ತೆಬದಿಯ ಮರಗಳಿಗೂ ಇದೇ ಗತಿಯಾಗುತ್ತಿದೆಯೆಂಬುದು ನನ್ನ ಆತಂಕ. ಕಾಂಡದ ಮೇಲೆ ಮಣ್ಣಿನ ಪದರ ಕಂಡರೆ ಜನ ಗಾಬರಿಯಾಗುತ್ತಾರೆ. ಹುತ್ತ ಕಟ್ಟಿ, ಅದರೊಳಗೆ ಶಿಲೀಂಧ್ರ ಬೆಳೆಸುವ ಓಡಾಂಟೋಟರ್ಮಿಸ್ ಗೆದ್ದಲು ಸಾಮಾನ್ಯವಾಗಿ ಆ ಪದರದಡಿಯಲ್ಲಿ ಸತ್ತ ತೊಗಟೆಯನ್ನಷ್ಟೇ ತಿನ್ನುತ್ತದೆ. ಕಾಪ್ಟೋಟರ್ಮಿಸ್ ಎಂಬ ಇನ್ನೊಂದು ಬಗೆಯ ಗೆದ್ದಲು ಹಾಗಲ್ಲ. ಅದು ಜೀವಂತ ಮರದ ತಿರುಳಿಗೇ ಇಳಿದು ಒಳಗೆ ಟೊಳ್ಳು ಮಾಡಬಲ್ಲದು. ಹೊರಗಿನಿಂದ ಮರ ಹಸಿರಾಗಿಯೇ ಕಾಣುತ್ತದೆ, ಜುಲೈ ಗಾಳಿಗೆ ಉರುಳುವವರೆಗೂ. ಯಾವ ವಾರ್ಡಿನಲ್ಲಿ ಯಾವುದಿದೆ ಎಂಬ ಪಟ್ಟಿ ಕೈಯಲ್ಲಿರದೆ ಔಷಧ ಹೊಡೆದರೆ, ಮಣ್ಣಿಗೆ ಉಪಕಾರ ಮಾಡುವ ಹುಳುವೂ ಸಾಯುತ್ತದೆ.

ಹುಳು ಎಣಿಸುವ ವಿದ್ಯೆ ಈ ನಗರಕ್ಕೆ ಹೊಸದಲ್ಲ. 1911ರಷ್ಟು ಹಿಂದೆಯೇ ಬೆಂಟ್ಲಿ ಎಂಬ ವೈದ್ಯರು ಇಲ್ಲಿನ ಮಲೇರಿಯಾದ ಮೂಲ ಹುಡುಕುತ್ತಾ ಹೋಗಿ, ಬಾವಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಯನ್ನು ಬೊಟ್ಟುಮಾಡಿ ತೋರಿಸಿದ್ದರು. ನಿಮ್ಮ ಕೀಟನಾಶಕ ವಿಭಾಗದ ಸಿಬ್ಬಂದಿ ಇಂದಿಗೂ ಏಣಿ ಹೊತ್ತು ತಾರಸಿಯ ನೀರಿನ ಟಾಕಿಗಳನ್ನು ಹತ್ತುತ್ತಾರೆ; ಅವರ ಶ್ರಮದ ಬಗ್ಗೆ ನನಗೆ ಅಪಾರ ಗೌರವವಿದೆ. ಮಹಾರಾಷ್ಟ್ರದ 1975ರ ಮರ ಸಂರಕ್ಷಣಾ ಕಾಯ್ದೆಯಂತೆ ಐದು ವರ್ಷಕ್ಕೊಮ್ಮೆ ಮರಗಣತಿಯೂ ಆಗಬೇಕು. ಹಿಂದಿನ ಗಣತಿಯಲ್ಲಿ ನೀವು 29 ಲಕ್ಷಕ್ಕೂ ಹೆಚ್ಚು ಮರಗಳನ್ನು ಎಣಿಸಿದ್ದೀರಿ. ಆ ಗಣತಿಯ ನಮೂನೆಯಲ್ಲಿ ಗೆದ್ದಲಿಗೊಂದು ಕಾಲಮು ಸೇರಿಸಿ ಎಂಬುದೇ ನನ್ನ ಬೇಡಿಕೆ.

ಬಂದರಿನ ಊರಿಗೆ ಈ ಎಚ್ಚರ ಹೆಚ್ಚೇ ಬೇಕು; ಹಡಗಿನ ಸರಕಿನೊಂದಿಗೆ ಹೊರನಾಡಿನ ಹುಳುವೂ ಬಂದಿಳಿಯಬಹುದು, ಗುರುತಿಸುವುದು ತಡವಾದರೆ ಪೆಟ್ಟು ದೊಡ್ಡದು. ಹಣ್ಣಿನ ರಸ ಹೀರುವ, ಪೂರ್ವ ಏಷ್ಯಾದ ಕಂದು ನಾರುವ ತಿಗಣೆ ಅಮೆರಿಕದ ಅಲೆಂಟೌನ್‌ನಲ್ಲಿ 1998ರಲ್ಲೇ ಸಿಕ್ಕಿತ್ತು. ಅದು ಹೊರಗಿನಿಂದ ಬಂದದ್ದೆಂದು ಗುರುತಾದದ್ದು 2001ರಲ್ಲಿ. 2010ರ ಹೊತ್ತಿಗೆ ಅಲ್ಲಿನ ಸೇಬಿನ ತೋಟಗಳು ಭಾರೀ ನಷ್ಟ ಕಂಡವು.

ಗೆದ್ದಲಿನ ಜಾತಿಯನ್ನು ಹೆಚ್ಚಾಗಿ ಅದರ ಸೈನಿಕ ಹುಳುವಿನ ತಲೆ, ದವಡೆ ನೋಡಿ ಹೇಳುತ್ತಾರೆ. ಪುಣೆಯ ಆಕುರ್ಡಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ. ಪಾಲಿಕೆ ಕೇಳಿಕೊಂಡರೆ ಅಲ್ಲಿನ ತಜ್ಞರ ನೆರವು ಸಿಗಬಹುದು. ನಮ್ಮ ಸಂಘದ ಇಪ್ಪತ್ತು ಮಂದಿ ಸ್ವಯಂಸೇವಕರು ದಾದರ್, ಮಾಟುಂಗಾದ ಚಾಳುಗಳಲ್ಲಿ ಹುಳು ಹಿಡಿದು, ಸ್ಪಿರಿಟ್ ತುಂಬಿದ ಶೀಷೆಗೆ ಹಾಕಿ, ವಿಳಾಸ, ದಿನಾಂಕ ಬರೆದು ವಾರ್ಡ್ ಕಚೇರಿಗೆ ತಲುಪಿಸಲು ಸಿದ್ಧರಿದ್ದಾರೆ. ಮೊದಲ ಮಳೆಗೆ ರೆಕ್ಕೆಗೆದ್ದಲು ದೀಪಕ್ಕೆ ಮುತ್ತುವ ಮುನ್ನವೇ ಆ ಶೀಷೆಗಳನ್ನು ಪಡೆದುಕೊಳ್ಳುವ ಅಧಿಕಾರಿ ಯಾರೆಂದು ತಿಳಿಸಿ. ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ.

ಇತಿ,
ಸಂಘದ ಗ್ರಂಥಪಾಲಕ, ದಾದರ್