ಬೆಂದವರು ಬೇಂದ್ರೆ ಒಬ್ಬರೇ ಅಲ್ಲ

ಮಾನ್ಯ ಸಂಪಾದಕರೇ,

ಬೇಂದ್ರೆಯವರ ಹುಟ್ಟುಹಬ್ಬಕ್ಕೆ ನಡೆದ ಒಂದು ಭಾಷಣ ಸ್ಪರ್ಧೆಗೆ ಮೊಮ್ಮಗಳ ಜೊತೆ ಹೋಗಿದ್ದೆ. ಎಂಟು ಮಕ್ಕಳು ಮಾತಾಡಿದರು. ಅದರಲ್ಲಿ ಐದು ಮಂದಿ ಶುರು ಮಾಡಿದ್ದೇ ‘ಬೆಂದರೆ ಬೇಂದ್ರೆ’ ಅಂತ, ಅಂದರೆ ಕಷ್ಟದಲ್ಲಿ ಬೆಂದರೇನೇ ಬೇಂದ್ರೆಯಂಥ ಕವಿ ಆಗೋದು ಅಂತ. ನಮ್ಮವಳೂ ಅಷ್ಟೆ. ಪ್ರತಿ ಸಲ ಚಪ್ಪಾಳೆ. ನನಗೆ ಯಾಕೋ ಹಿಡಿಸಲಿಲ್ಲ.

ಬೇಯುವುದು ಅಂದರೆ ಏನು ಅಂತ ನನಗೆ ಸ್ವಲ್ಪ ಗೊತ್ತು. ನಮ್ಮವ್ವ ಧಾರವಾಡದಲ್ಲಿ ಇಪ್ಪತ್ತಾರು ವರ್ಷ ಖಾನಾವಳಿ ನಡೆಸಿದಳು. ನಸುಕಿನಲ್ಲಿ ನಾಲ್ಕಕ್ಕೆ ಒಲೆ ಹಚ್ಚುತ್ತಿದ್ದಳು. ರೊಟ್ಟಿ ಬಡಿದೂ ಬಡಿದೂ ಬಲಗೈ ಬೆರಳು ಪೂರ್ತಿ ಬಿಚ್ಚುತ್ತಲೇ ಇರಲಿಲ್ಲ. ದುಡ್ಡು ಕೊಡದೆ ಊರು ಬಿಟ್ಟ ಹುಡುಗರ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಹೊಡೆದು ಹಾಕುತ್ತಿರಲಿಲ್ಲ. ‘ಬಂದಾಗ ಕೊಡ್ತಾವ ಬಿಡು’ ಅನ್ನುತ್ತಿದ್ದಳು. (ಅವರಲ್ಲಿ ಒಬ್ಬರು ಈಗ ದೊಡ್ಡ ಹುದ್ದೆಯಲ್ಲಿದ್ದಾರೆ. ಹೆಸರು ಬೇಡ.) ಇಷ್ಟು ಬೆಂದರೂ ನಮ್ಮ ಮನೆಯಲ್ಲಿ ಒಬ್ಬರೂ ಕವಿ ಆಗಲಿಲ್ಲ, ಏನು ಮಾಡೋಣ!

ಬೇಂದ್ರೆ ಹುಟ್ಟಿದ್ದು 1896ರಲ್ಲಿ, ಧಾರವಾಡದ ಪೋತನೀಸರ ಗಲ್ಲಿಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆ, ಜೊತೆಗೆ ಅಜ್ಜಿ, ಖಾನಾವಳಿ ನಡೆಸಿ ಮನೆ ಸಾಗಿಸಿದರು. ಅಂದರೆ ಆ ಮನೆಯಲ್ಲಿ ಮೊದಲು ಬೆಂದವರು ಒಲೆ ಮುಂದಿನ ಇಬ್ಬರು ಹೆಂಗಸರು, ಅಲ್ವಾ? ಎಂಟು ಭಾಷಣದಲ್ಲಿ ಒಂದರಲ್ಲೂ ಈ ಮಾತು ಬರಲಿಲ್ಲ. ಮಗ ಮಾತ್ರ ಮರೆಯಲಿಲ್ಲ. ಅಪ್ಪನ ಹೆಸರಿನಿಂದಲೇ ಎಲ್ಲರ ಗುರುತು ಇದ್ದ ಕಾಲದಲ್ಲಿ ಆತ ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮದಲ್ಲಿ ಬರೆದರು. ಅಂಬಿಕೆಯ ಮಗ ದತ್ತ.

ಮನೆಮಾತು ಮರಾಠಿ, ಓಣಿಯ ಮಾತು ಕನ್ನಡ. ಮೇಲೆ ಊಟಕ್ಕೆ ಬರುವ ಜನ. ಅಂಥ ಮನೆಯಲ್ಲಿ ಹುಡುಗನ ಕಿವಿ ಸುಮ್ನೆ ಇರುತ್ತದಾ? ನಮ್ಮಲ್ಲಂತೂ ಪಂಕ್ತಿಯಲ್ಲಿ ಕೂತವರ ಮಾತು ಕೇಳಿಯೇ ಇವನು ಗದಗಿನವ, ಇವನು ಶಿರಸಿಯವ ಅಂತ ಅವ್ವ ಹೇಳುತ್ತಿದ್ದಳು. ಬೇಂದ್ರೆ ಕವಿತೆಯ ಆಡುಮಾತಿನ ಬೇರು ಅಲ್ಲೂ ಒಂದಿಷ್ಟು ಇರಬೇಕು ಅನ್ನುವುದು ನನ್ನ ಲೆಕ್ಕ. ಬರೀ ಕಷ್ಟ ಅದನ್ನು ಕೊಡುವುದಿಲ್ಲ.

ಕಷ್ಟವೇನು ಕಡಿಮೆ ಇರಲಿಲ್ಲ. ‘ನರಬಲಿ’ ಕವಿತೆಗಾಗಿ ಬ್ರಿಟಿಷ್ ಸರ್ಕಾರದಿಂದ ಬೆಳಗಾವಿಯ ಹಿಂಡಲಗಾ ಜೈಲು, ಆಮೇಲೆ ಧಾರವಾಡದ ಹತ್ತಿರದ ಮುಗದ ಹಳ್ಳಿಯಲ್ಲಿ ನಿರ್ಬಂಧ. ಕೆಲಸ ಹೋಯಿತು. 1944ರಲ್ಲಿ ಸೊಲ್ಲಾಪುರದ ಕಾಲೇಜು ಸೇರುವವರೆಗೆ ಪರದಾಟ. ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. ‘ನೀ ಹೀಂಗ ನೋಡಬ್ಯಾಡ ನನ್ನ’ ಬಂದಿದ್ದು ಅಂಥ ಒಂದು ಸಾವಿನಿಂದ. ಅಲ್ಲೂ ನೋಡಿ, ತಾನು ಎಷ್ಟು ಬೆಂದೆ ಅಂತ ಹೇಳಿಕೊಳ್ಳುವುದಿಲ್ಲ. ಹೆಂಡತಿಯ ಕಣ್ಣು ನೋಡಲಾರದೆ ಒದ್ದಾಡುತ್ತಾರೆ.

ಮಕ್ಕಳಿಗೆ ಕವಿ ಪರಿಚಯ ಬರೆದುಕೊಡುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. 1973ರ ಜ್ಞಾನಪೀಠದ ಜೊತೆ ಆ ಖಾನಾವಳಿಗೂ ಎರಡು ಸಾಲು ಕೊಡಿ. ನಮ್ಮವಳ ಭಾಷಣ ಈಗ ಅಂಬಿಕೆಯಿಂದ ಶುರುವಾಗುತ್ತದೆ. ಮುಂದಿನ ಜನವರಿ 31ಕ್ಕೆ ಚಪ್ಪಾಳೆ ಬೀಳುತ್ತೋ ಇಲ್ಲವೋ ನೋಡಬೇಕು.

— ಖಾನಾವಳಿಯವರ ಮಗಳು, ಧಾರವಾಡ