ಅಂಕಿಯ ಜೊತೆಗೆ ಅದರ ಲೆಕ್ಕವೂ ಅಚ್ಚಾಗಲಿ

ಸಂಪಾದಕರಿಗೆ,

‘2050ಕ್ಕೆ ಮಹಾನಗರದಲ್ಲಿ ಇಷ್ಟು ಕೋಟಿ ಜನ, ಇಷ್ಟು ಲಕ್ಷ ಉದ್ಯೋಗ’ ಎಂಬ ತಲೆಬರಹ ಕಂಡಾಗಲೆಲ್ಲ ನಾನು ಸುದ್ದಿಯನ್ನು ಕೊನೆಯವರೆಗೂ ಓದುತ್ತೇನೆ. ಆ ಅಂಕಿ ಹೇಗೆ ಬಂತು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ನಾನು ನೀರು ಸರಬರಾಜಿನ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಇಂಥ ಅಂಕಿಗಳನ್ನು ಮುಂದಿಟ್ಟುಕೊಂಡೇ ನಾವು ಪೈಪ್‌ಗಳ ಗಾತ್ರ ಗೊತ್ತು ಮಾಡುತ್ತಿದ್ದೆವು. ಪಂಪ್‌ಗೆ ಸುಮಾರು 15 ವರ್ಷ ಮುಂದಿನದು ನೋಡಿದರೆ ಸಾಕು, ಕೆಟ್ಟರೆ ಬದಲಾಯಿಸಬಹುದು. ನೆಲದಡಿ ಹೂಳುವ ದೊಡ್ಡ ಪೈಪ್‌ಗೆ 30 ವರ್ಷದ ಲೆಕ್ಕ ಬೇಕು.

ಈಗ 20 ಲಕ್ಷ ಜನರಿರುವ ಪ್ರದೇಶ ಅಂದುಕೊಳ್ಳಿ. ವರ್ಷಕ್ಕೆ ಶೇ 2ರಂತೆ ಬೆಳೆದರೆ 30 ವರ್ಷದಲ್ಲಿ ಸುಮಾರು 36 ಲಕ್ಷ. ಶೇ 3 ಅಂತ ಹಿಡಿದರೆ 48 ಲಕ್ಷ ದಾಟುತ್ತದೆ. ಕಾಗದದ ಮೇಲೆ ಒಂದೇ ಒಂದು ಶೇಕಡಾ ವ್ಯತ್ಯಾಸ, ನೆಲದ ಮೇಲೆ 12 ಲಕ್ಷ ಜನ! ಕಡಿಮೆ ಹಿಡಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು: ಕೊನೆಯ ಬೀದಿಗೆ ಒತ್ತಡ ಸಿಗುವುದಿಲ್ಲ, ನಲ್ಲಿ ಸಣ್ಣಗೆ ಸುರಿಯುತ್ತದೆ. ಜಾಸ್ತಿ ಹಿಡಿದರೂ ತೊಂದರೆಯೇ. ದೊಡ್ಡ ಪೈಪ್‌ನಲ್ಲಿ ಕಡಿಮೆ ನೀರು ಹರಿದರೆ ಅದು ತುಂಬಾ ಹೊತ್ತು ಒಳಗೇ ನಿಲ್ಲುತ್ತದೆ, ಬೆರೆಸಿದ ಕ್ಲೋರಿನ್ ಮನೆ ಮುಟ್ಟುವಷ್ಟರಲ್ಲಿ ತೀರಿಹೋಗುತ್ತದೆ. ಒಳಚರಂಡಿಯಲ್ಲಿ ಹರಿವು ಸಾಲದೆ ಕೆಸರು ತಳ ಹಿಡಿಯುತ್ತದೆ. ಬರುತ್ತಾರೆ ಅಂದುಕೊಂಡವರು ಬರಲಿಲ್ಲ ಅಂತ ಸಾಲದ ಕಂತು ನಿಲ್ಲುವುದಿಲ್ಲ, ಇರುವವರೇ ಕಟ್ಟಬೇಕು.

ಜನಸಂಖ್ಯೆ ಲೆಕ್ಕ ಹಾಕುವವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಅವರ ಹಾಳೆಯಲ್ಲಿ ಎಡಕ್ಕೆ ವಯಸ್ಸಿನ ಸಾಲುಗಳಿರುತ್ತವೆ: 0–4, 5–9, 10–14, ಹೀಗೆ. ಗಂಡು, ಹೆಣ್ಣು ಬೇರೆ ಬೇರೆ. ಐದು ವರ್ಷ ಕಳೆದರೆ ಪ್ರತಿ ಸಾಲಿನವರೂ ಒಂದು ಸಾಲು ಕೆಳಗಿಳಿಯುತ್ತಾರೆ. ಸಾಯುವವರನ್ನು ಕಳೆದು, ಹುಟ್ಟುವವರನ್ನು ಮೇಲಿನ ಸಾಲಿಗೆ ಸೇರಿಸುತ್ತಾರೆ. 30 ವರ್ಷದ ನಂತರ 30 ದಾಟಿರುವವರೆಲ್ಲ ಈಗಾಗಲೇ ಹುಟ್ಟಿದ್ದಾರೆ, ಅಲ್ವಾ? ಹಾಗಾಗಿ ಇಷ್ಟು ಭಾಗ ಸಾಕಷ್ಟು ಗಟ್ಟಿ. ಅಲುಗಾಡುವುದು ವಲಸೆಯ ಕಾಲಂ. 20ರಿಂದ 34ರವರ ಸಾಲಿನಲ್ಲಿ ಹೊರಗಿನಿಂದ ಎಷ್ಟು ಜನ ಬರುತ್ತಾರೆ ಅಂತ ಬರೆಯುತ್ತೇವೋ ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಅವರಿಗೇ ಮುಂದೆ ಮಕ್ಕಳಾಗುತ್ತವೆ. ಅವರು ಬರುವುದು ಕೆಲಸ ಹುಡುಕಿಕೊಂಡು.

ಆದ್ದರಿಂದ ಉದ್ಯೋಗದ ಲೆಕ್ಕ ಬಿಟ್ಟು ಜನರ ಲೆಕ್ಕ ನಡೆಯುವುದಿಲ್ಲ. ಅದು ಇನ್ನೂ ಕಷ್ಟದ್ದು. ಹೊರಗಿನ ಮಾರುಕಟ್ಟೆಗೆ ಮಾರುವ ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಗಳ ಕೆಲಸ ಒಂದು ಬಗೆ. ಅಲ್ಲಿನ ಜನರಿಗಾಗಿಯೇ ಇರುವ ಮೇಷ್ಟ್ರು, ನರ್ಸ್, ಅಂಗಡಿಯವರ ಕೆಲಸ ಇನ್ನೊಂದು ಬಗೆ. ಮೊದಲನೆಯದು ಬಂದರೆ ಎರಡನೆಯದು ಹಿಂದೆಯೇ ಬರುತ್ತದೆ. ಜನ ಹೆಚ್ಚಿದರೂ ಎರಡನೆಯದು ಹೆಚ್ಚುತ್ತದೆ. ಯಂತ್ರ ಬಂದು ಉತ್ಪಾದನೆ ಏರಿ ಕೆಲಸ ಇಳಿಯುವುದೂ ಉಂಟು. 2020ರ ಕೋವಿಡ್ ಕಾಲದಲ್ಲಿ ಕೆಲಸ ಒಂದು ಕಡೆ, ಕೆಲಸ ಮಾಡುವವರು ಇನ್ನೊಂದು ಕಡೆ ಇದ್ದದ್ದನ್ನು ಎಲ್ಲರೂ ನೋಡಿದ್ದೇವೆ. ಹತ್ತಿರದ ಊರಿನಿಂದ ರೈಲಿನಲ್ಲಿ ಬಂದು ಹೋಗುವವರು ಉದ್ಯೋಗದ ಲೆಕ್ಕದಲ್ಲಿರುತ್ತಾರೆ, ಜನಸಂಖ್ಯೆಯಲ್ಲಿ ಇರುವುದಿಲ್ಲ.

ದೊಡ್ಡವರ ಅಂದಾಜೂ ತಪ್ಪಿದೆ. 2000ನೇ ಇಸವಿಗೆ ಮೆಕ್ಸಿಕೊ ಸಿಟಿಯ ಜನಸಂಖ್ಯೆ 3 ಕೋಟಿ ದಾಟುತ್ತದೆ ಎಂದು ವಿಶ್ವಸಂಸ್ಥೆ 1970ರ ದಶಕದಲ್ಲಿ ಅಂದಾಜು ಮಾಡಿತ್ತು. ಆದದ್ದು ಸುಮಾರು 1.8 ಕೋಟಿ. ಒಬ್ಬೊಬ್ಬ ತಾಯಿಗೆ ಹುಟ್ಟುವ ಮಕ್ಕಳ ಸಂಖ್ಯೆ ವೇಗವಾಗಿ ಕಡಿಮೆಯಾಯಿತು, ರಾಜಧಾನಿಗೆ ಬರುವವರ ಓಟವೂ ನಿಧಾನವಾಯಿತು. ಗಡಿ ಎಲ್ಲಿ ಎಳೆಯುತ್ತೇವೆ ಅನ್ನೋದೂ ಮುಖ್ಯ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ 1950ರಲ್ಲಿ 18 ಲಕ್ಷಕ್ಕೂ ಜಾಸ್ತಿ ಜನರಿದ್ದರು, 2010ಕ್ಕೆ 7 ಲಕ್ಷದ ಆಸುಪಾಸಿಗೆ ಇಳಿದರು. ಸುತ್ತಲಿನದನ್ನೂ ಸೇರಿಸಿದ ಮಹಾನಗರ ಪ್ರದೇಶದಲ್ಲಿ ಅದೇ ವರ್ಷ ಸುಮಾರು 43 ಲಕ್ಷ ಜನರಿದ್ದರು. ಬರೀ ‘ಡೆಟ್ರಾಯಿಟ್’ ಅಂತ ಬರೆದರೆ ಓದುಗರು ಯಾವುದನ್ನು ನಂಬಬೇಕು?

ಜನಸಂಖ್ಯೆ ಸರಿಯಾಗಿದ್ದರೂ ಮನೆಗಳ ಲೆಕ್ಕ ತಪ್ಪಬಹುದು. 40 ಲಕ್ಷ ಜನ ಮನೆಗೆ ನಾಲ್ಕೂವರೆ ಮಂದಿಯಂತಿದ್ದರೆ ಸುಮಾರು 9 ಲಕ್ಷ ಮನೆ ಸಾಕು. ಮೂರೂವರೆ ಮಂದಿಯಾದರೆ 11 ಲಕ್ಷಕ್ಕೂ ಹೆಚ್ಚು ಬೇಕು. ಅಷ್ಟೂ ಮನೆಗೆ ನೀರಿನ ಸಂಪರ್ಕ ಕೊಡಬೇಕು.

ಅದಕ್ಕೇ ನನ್ನ ಕೋರಿಕೆ. ಅಂಥ ಅಂಕಿ ಅಚ್ಚು ಮಾಡುವಾಗ ಒಂದೇ ಸಂಖ್ಯೆ ಹಾಕಬೇಡಿ. ಯೋಜನೆ ಮಾಡುವವರು ಕಡಿಮೆ, ನಡುವಿನದು, ಹೆಚ್ಚು ಅಂತ ಮೂರು ಅಂದಾಜು ಮಾಡಿದ್ದರೆ ಮೂರನ್ನೂ ಕೊಡಿ. ಮಾಡಿರದಿದ್ದರೆ ಯಾಕೆ ಅಂತ ಕೇಳಿ. ವಲಸೆ ಎಷ್ಟು ಹಿಡಿದರು, ಗಡಿ ಯಾವುದು, ಯಾವ ವರ್ಷದ ಗಣತಿಯಿಂದ ಶುರು ಮಾಡಿದರು, ಇಷ್ಟು ನಾಲ್ಕು ಸಾಲಿನಲ್ಲಿ ಹಿಡಿಸುತ್ತದೆ. ಹೊಸ ಗಣತಿ ಬಂದಾಗ, ಹತ್ತು ವರ್ಷದ ಹಿಂದೆ ನಿಮ್ಮ ಪುಟದಲ್ಲೇ ಬಂದ ಅಂದಾಜನ್ನು ಪಕ್ಕಕ್ಕಿಟ್ಟು ಪ್ರಕಟಿಸಿ. ಅಂಥ ಪುಟ ಬಂದರೆ, ಬೇಕಾದ ಲೆಕ್ಕ ಕೂಡಿಸಿಕೊಡಲು ನಾನು ಸಿದ್ಧ.

– ನಿವೃತ್ತ ನೀರು ಸರಬರಾಜು ಎಂಜಿನಿಯರ್