ನೀರಿದ್ದರೆ ಮಾತ್ರ ಮರದ ಟ್ಯಾಂಕಿಗೆ ಆಯುಷ್ಯ

ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಕಂಬ್ರಸ್ ಆಂಡ್ ಟಾಲ್ಟೆಕ್ ಉಗಿ ರೈಲಿನ ಬಗ್ಗೆ ಬಂದ ಲೇಖನ ಓದಿ ಖುಷಿಯಾಯಿತು. ಇಂಜಿನ್ ಫೋಟೊಗಳು ಚೆನ್ನಾಗಿದ್ದವು. ಆದರೆ ನ್ಯೂ ಮೆಕ್ಸಿಕೊದ ಚಾಮಾ ಸ್ಟೇಷನ್ನಿನ ಮರದ ನೀರಿನ ಟ್ಯಾಂಕಿನ ಚಿತ್ರದ ಕೆಳಗೆ ‘ಹಳೆಯ ಕಾಲದ ನೆನಪಿಗೆ ಉಳಿಸಿಕೊಂಡದ್ದು’ ಅಂತ ಹಾಕಿದ್ದೀರಿ. ಅಲ್ಲಿಗೆ ನನ್ನ ಕಣ್ಣು ನಿಂತಿತು. ಮರದ ಟ್ಯಾಂಕನ್ನು ಸುಮ್ನೆ ನೆನಪಿಗೆ ಅಂತ ಉಳಿಸಿಕೊಳ್ಳಲು ಆಗುವುದಿಲ್ಲ. ನೀರು ತುಂಬಿ ಕೆಲಸಕ್ಕೆ ಹಚ್ಚಿದರೆ ಉಳಿಯುತ್ತದೆ, ಖಾಲಿ ಬಿಟ್ಟರೆ ಹೋಗುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳೋಣ ಎಂದು ಈ ಪತ್ರ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿ ಕೆಲಸ ಮಾಡಿ ನಿವೃತ್ತನಾದವನು. ಮಗಳು ಡೆನ್ವರಿನಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಅಳಿಯಂದಿರು ಚಾಮಾಕ್ಕೆ ಕರೆದುಕೊಂಡು ಹೋಗಿದ್ದರು. ಎಲ್ಲರೂ ಇಂಜಿನ್ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ನಾನು ಟ್ಯಾಂಕಿನ ಬುಡ ಬಿಟ್ಟು ಅಲ್ಲಾಡಲಿಲ್ಲ ಎಂದು ಮನೆಯವರಿಗೆ ಇನ್ನೂ ಸಿಟ್ಟಿದೆ, ಇರಲಿ.

ಮೊದಲು, ಅಷ್ಟೊಂದು ಟ್ಯಾಂಕು ಯಾಕೆ ಬೇಕಿತ್ತು ಅಂತ ನೋಡೋಣ. ಈ ದಾರಿಯನ್ನು ಹಾಕಿದ್ದು 1880ರಲ್ಲಿ, ಡೆನ್ವರ್ ಆಂಡ್ ರಿಯೊ ಗ್ರ್ಯಾಂಡ್ ಕಂಪನಿ. ಹಳಿಗಳ ನಡುವೆ ಮೂರೇ ಅಡಿ ಅಗಲ. ಚಾಮಾದಿಂದ ಕಂಬ್ರಸ್ ಘಾಟಿನ ತಲೆಗೆ 14 ಮೈಲಿ. ಆ ಏರು ನೂರು ಅಡಿಗೆ ನಾಲ್ಕು ಅಡಿಯಷ್ಟು. ತಲೆ ಮುಟ್ಟಿದಾಗ ಎತ್ತರ ಹತ್ತು ಸಾವಿರ ಅಡಿ ದಾಟಿರುತ್ತದೆ. ಈಗಲೂ ಅಲ್ಲಿ ಹೆಚ್ಚಾಗಿ ಓಡುವುದು 1925ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆ ಮಾಡಿಕೊಟ್ಟ ಕೆ-36 ಇಂಜಿನ್ನುಗಳು. ಅವುಗಳ ಟೆಂಡರಿನಲ್ಲಿ, ಅಂದರೆ ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯಲ್ಲಿ, 5,000 ಗ್ಯಾಲನ್ ನೀರು ಹಿಡಿಯುತ್ತದೆ, ನಮ್ಮ ಲೆಕ್ಕದಲ್ಲಿ ಸುಮಾರು 19,000 ಲೀಟರ್. ಜಾಸ್ತಿ ಅನಿಸುತ್ತದೆ ಅಲ್ವಾ? ಆದರೆ ಏರಿನಲ್ಲಿ ಭಾರ ಎಳೆಯುವಾಗ ಕಲ್ಲಿದ್ದಲು ಇನ್ನೂ ಇರುತ್ತದೆ, ನೀರು ತಳ ಕಂಡಿರುತ್ತದೆ. ಬಾಯ್ಲರಿನಲ್ಲಿ ನೀರು ಇಳಿದು ಬೆಂಕಿಯ ಮೇಲಿನ ತಗಡು ಬರಿದಾದರೆ ಇಂಜಿನ್ನೇ ಸಿಡಿಯುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಅಲ್ಲಲ್ಲಿ ಟ್ಯಾಂಕು. ಕ್ರೆಸ್ಕೊ, ಲೋಸ್ ಪಿನೋಸ್, ಓಸಿಯರ್, ಲಾವಾ ಎಂಬ ಹೆಸರುಗಳನ್ನು ಆ ರೈಲಿನವರು ಇಂದಿಗೂ ನೀರಿನ ಜೊತೆಗೇ ಹೇಳುತ್ತಾರೆ.

ಗುಡ್ಡದ ದಾರಿಯಲ್ಲಿ ತೊರೆಯ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತಿತ್ತು. ಬಯಲಿನಲ್ಲಿ ಗಾಳಿಯಂತ್ರವೋ ಉಗಿ ಪಂಪೋ ಎತ್ತಿ ಕೊಡಬೇಕಿತ್ತು. ಮರವೇ ಯಾಕೆ ಅಂದರೆ, ಅಲ್ಲಿ ಮರ ಅಗ್ಗ, ಕಬ್ಬಿಣ ದುಬಾರಿ. ದಪ್ಪ ಹಲಗೆ ಚಳಿಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ನಮ್ಮ ಕಡೆ ಉಗಿ ಕಾಲದಲ್ಲಿ ನಾನು ಕಂಡದ್ದೆಲ್ಲ ಕಲ್ಲಿನ ಕಟ್ಟಡದ ಮೇಲೆ ಕೂರಿಸಿದ ಕಬ್ಬಿಣದ ಟ್ಯಾಂಕುಗಳು. ಅದಕ್ಕೇ ಚಾಮಾದ ಟ್ಯಾಂಕು ನನಗೆ ಅಷ್ಟು ಹೊಸದಾಗಿ ಕಂಡಿತು.

ಈಗ ಕಟ್ಟುವ ಕೆಲಸಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಇದೇ.

ಸುತ್ತಲೂ ಉದ್ದನೆಯ ಹಲಗೆಗಳು ನಿಂತಿರುತ್ತವೆ. ರೆಡ್‌ವುಡ್, ಸೀಡರ್, ಫರ್, ಎಲ್ಲಿ ಯಾವುದು ಸಿಗುತ್ತದೋ ಅದು. ಪ್ರತಿ ಹಲಗೆಯ ಅಂಚನ್ನು ಸಣ್ಣ ಓರೆಯಲ್ಲಿ ಕೀಸಿರುತ್ತಾರೆ, ಆಗಲೇ ಎಲ್ಲ ಸೇರಿ ದುಂಡಗಾಗುವುದು. ಒಂದು ಮೊಳೆಯಿಲ್ಲ, ಒಂದು ಹನಿ ಅಂಟಿಲ್ಲ. ಹಲಗೆಯ ಒಳಬದಿಯಲ್ಲಿ ಬುಡದಿಂದ ಒಂಚೂರು ಮೇಲೆ ಅಡ್ಡಕ್ಕೆ ಒಂದು ಕಚ್ಚು ಕೊರೆದು, ತಳದ ಹಲಗೆಗಳನ್ನು ಅದರೊಳಗೆ ಕೂರಿಸುತ್ತಾರೆ. ಭಾರವೆಲ್ಲ ತಳದ ಹಲಗೆ ಮತ್ತು ಅದರ ಕೆಳಗಿನ ತೊಲೆಗಳ ಮೇಲೆ ಬೀಳಬೇಕು. ಸುತ್ತಿನ ಹಲಗೆಗಳ ಬುಡ ತೊಲೆಗೆ ತಾಗಲೇಬಾರದು, ಗಾಳಿಯಲ್ಲಿ ಬಿಡುವಾಗಿ ನಿಲ್ಲಬೇಕು. ಬಗ್ಗಿ ನೋಡಿದರೆ ಆ ಸಂದು ಕಾಣುತ್ತದೆ. ಭಾರ ಅಂದರೆ ಎಷ್ಟು? 24 ಅಡಿ ಅಡ್ಡಳತೆ, 16 ಅಡಿ ಎತ್ತರದ ಟ್ಯಾಂಕು ಅಲ್ಲಿ ಮಾಮೂಲಿ ಅಳತೆಗಳಲ್ಲಿ ಒಂದು. ಅದರಲ್ಲಿ 50,000 ಗ್ಯಾಲನ್ ಹಿಡಿಯುತ್ತದೆ. ಬರೀ ನೀರಿನ ತೂಕವೇ 190 ಟನ್ ಹತ್ತಿರ.

ಇಷ್ಟನ್ನು ಹಿಡಿದಿಡುವುದು ಹೊರಗಿನ ಕಬ್ಬಿಣದ ಪಟ್ಟಿಗಳು. ನಿಮ್ಮ ಫೋಟೊವನ್ನೇ ಇನ್ನೊಮ್ಮೆ ನೋಡಿ. ಮೇಲೆ ಪಟ್ಟಿಗಳು ದೂರ ದೂರ ಇವೆ, ಕೆಳಗೆ ಬರುತ್ತಾ ಒತ್ತೊತ್ತಾಗಿವೆ. ತಳದಲ್ಲಿ ನೀರಿನ ಒತ್ತಡ ಜಾಸ್ತಿ, ಅದಕ್ಕೆ. ಪಟ್ಟಿಯ ಎರಡು ತುದಿ ಸೇರುವ ಕಡೆ ಎರಕದ ತುಂಡು ಮತ್ತು ನಟ್ಟು ಇರುತ್ತವೆ, ಬೇಕಾದಾಗ ಬಿಗಿ ಮಾಡಲು. ಈ ಗಂಟುಗಳು ಒಂದರ ಮೇಲೊಂದು ಬರಬಾರದು. ಬಂದರೆ ಒಂದೇ ಹಲಗೆಗೆ ಏಟು. ಹಾಗಾಗಿ ಸುತ್ತಲೂ ಹಂಚಿ ಹಾಕುತ್ತಾರೆ. ಹಳೆಯ ಟ್ಯಾಂಕುಗಳಲ್ಲಿ ಚಪ್ಪಟೆ ಪಟ್ಟಿ ಇತ್ತು. ಅದರ ಹಿಂಬದಿಗೆ ಹಿಡಿದ ತುಕ್ಕು ಹೊರಗೆ ಕಾಣದೆ, ಒಂದು ದಿನ ಪಟ್ಟಿ ಪಟ್ಟನೆ ಕಡಿದುಹೋಗುವ ಭಯ. ಆಮೇಲೆ ದುಂಡು ಸರಳು ಬಂತು. ಯಾವ ಕಾಗದದಲ್ಲೂ ಹೆಸರಿಲ್ಲದ ಯಾರೋ ಮೇಸ್ತ್ರಿ ಕಂಡುಕೊಂಡ ಉಪಾಯವೇ ಇರಬೇಕು ಅಂತ ನನಗೆ ಅನಿಸುತ್ತದೆ.

ಚಾಮಾದ ಟ್ಯಾಂಕಿಗೆ ನೀರು ಬಿಡುವ ಕೊಳವೆ ಒಂದಲ್ಲ, ಎರಡು. ಎರಡು ಹಳಿಗಳ ಮೇಲಿನ ಇಂಜಿನ್ನಿಗೂ ಬಿಡಬಹುದು. ಇಂಜಿನ್ನಿನ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಟೆಂಡರಿನ ಮೇಲೆ ಹತ್ತಿ ಕೊಳವೆಯನ್ನು ಎಳೆದು ಇಳಿಸುತ್ತಾನೆ, ಮತ್ತೊಂದು ಹಗ್ಗ ಜಗ್ಗಿದರೆ ಒಳಗಿನ ವಾಲ್ವು ಏಳುತ್ತದೆ. ಕೈ ಬಿಟ್ಟರೆ ತೂಕದ ಕಲ್ಲು ಕೊಳವೆಯನ್ನು ತಾನೇ ಮೇಲಕ್ಕೆತ್ತುತ್ತದೆ. ಇಂಥ ಟ್ಯಾಂಕುಗಳ ಹೊರಮೈಗೆ ನೀರಿನ ಮಟ್ಟ ತೋರಿಸುವ ಗುರುತೂ ಇರುತ್ತಿತ್ತು, ಅದು ಓಡುವುದು ಉಲ್ಟಾ. ಒಳಗೆ ತೇಲುವ ಬೆಂಡಿಗೆ ಕಟ್ಟಿದ ಸರಪಳಿ ರಾಟೆ ದಾಟಿ ಹೊರಗೆ ಬರುತ್ತದೆ. ಒಳಗೆ ನೀರು ಏರಿದರೆ ಹೊರಗೆ ಗುರುತು ಇಳಿಯುತ್ತದೆ. ಗುರುತು ತಳಕ್ಕೆ ಬಂತೆಂದರೆ ಟ್ಯಾಂಕು ತುಂಬಿತು.

ಇನ್ನು ಮುಖ್ಯ ವಿಷಯ. ಅಂಟಿಲ್ಲದೆ, ಮೊಳೆಯಿಲ್ಲದೆ ಸೋರದೆ ನಿಲ್ಲುವುದು ಹೇಗೆ? ಮರ ನೀರು ಕುಡಿದು ಉಬ್ಬುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ. ಅಷ್ಟೇ ಗುಟ್ಟು. ನಮ್ಮ ಚಕ್ಕಡಿ ಓಡಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಗಾಲಿ ಒಣಗಿ ಅದರ ಸುತ್ತಿನ ಕಬ್ಬಿಣದ ಪಟ್ಟಿ ಸಡಿಲವಾದರೆ ಗಾಲಿಯನ್ನು ಕೆರೆಗೆ ಇಳಿಸಿ ನೆನೆಸುತ್ತಿದ್ದರಲ್ಲ, ಅದೇ ಲೆಕ್ಕ. ಟ್ಯಾಂಕು ಖಾಲಿಯಾಗಿ ಬಿಸಿಲಿಗೆ ಒಣಗಿದರೆ ಹಲಗೆ ಕುಗ್ಗುತ್ತದೆ, ಸಂದಿನಲ್ಲಿ ಬೆಳಕು ಕಾಣುತ್ತದೆ, ಪಟ್ಟಿ ಸಡಿಲವಾಗಿ ಕೆಳಕ್ಕೆ ಜಾರುತ್ತದೆ. ಆಮೇಲೆ ಒಂದು ಜೋರು ಗಾಳಿ ಸಾಕು.

ಅಮೆರಿಕದಲ್ಲಿ ಆದದ್ದೂ ಹಾಗೆಯೇ. 1950ರ ದಶಕ ಮುಗಿಯುವಷ್ಟರಲ್ಲಿ ಮುಖ್ಯ ದಾರಿಗಳಿಗೆ ಡೀಸೆಲ್ ಬಂದಾಗಿತ್ತು. ಡೀಸೆಲ್ಲಿಗೆ ದಾರಿಯುದ್ದಕ್ಕೂ ನೀರು ಬೇಕಿಲ್ಲ. ಸಾವಿರಾರು ಟ್ಯಾಂಕುಗಳು ಒಂದೇಟಿಗೆ ಕೆಲಸಕ್ಕೆ ಬಾರದೆ ಹೋದವು. ಕೆಲವನ್ನು ಕೆಡವಿದರು. ಕೆಲವು ಬೆಂಕಿಗೆ ಹೋದವು. ಒಳ್ಳೆಯ ಹಲಗೆಗೆ ಗಿರಾಕಿಗಳೂ ಇದ್ದರು. ಕಂಬ್ರಸ್ ದಾರಿ ಉಳಿದದ್ದು ಅದೃಷ್ಟ. 1968ರಲ್ಲಿ ಗೂಡ್ಸ್ ಗಾಡಿ ನಿಂತಿತು, 1970ರಲ್ಲಿ ಕೊಲರಾಡೊ ಮತ್ತು ನ್ಯೂ ಮೆಕ್ಸಿಕೊ ಸರ್ಕಾರಗಳು ಸೇರಿ 64 ಮೈಲಿ ದಾರಿ ಕೊಂಡವು. ಉಗಿ ಇಂಜಿನ್ ಓಡಲು ಶುರುವಾದ ಮೇಲೆ ನೀರು ಬೇಕೇ ಬೇಕಾಯಿತು. 2012ರಲ್ಲಿ ಆ ದಾರಿಗೆ ರಾಷ್ಟ್ರೀಯ ಸ್ಮಾರಕದ ಪಟ್ಟ ಸಿಕ್ಕಿತು. ಆದರೆ ಟ್ಯಾಂಕನ್ನು ಕಾಪಾಡಿದ್ದು ಪಟ್ಟವಲ್ಲ, ಇಂಜಿನ್ನಿನ ಬಾಯಾರಿಕೆ.

ಬೇರೆ ಕಡೆಯೂ ಕೆಲವು ನಿಂತಿವೆ. ಟೆಲ್ಯುರೈಡ್ ಊರಿನ ಹತ್ತಿರ ಟ್ರೌಟ್ ಲೇಕ್ ಬಳಿ ಒಂದಿದೆ. 1890–91ರಲ್ಲಿ ಹಾಕಿದ ರಿಯೊ ಗ್ರ್ಯಾಂಡ್ ಸದರ್ನ್ ದಾರಿಯದು. ದಾರಿ 1951ರಲ್ಲಿ ಮುಚ್ಚಿತು, ಹಳಿ ಕಿತ್ತುಹೋಗಿ ದಶಕಗಳಾದವು, ಟ್ಯಾಂಕು ರಸ್ತೆ ಪಕ್ಕ ಒಬ್ಬೊಂಟಿಯಾಗಿದೆ. ಕ್ಯಾನ್ಸಸ್ಸಿನ ಬೋಮಾಂಟ್ ಎಂಬ ಪುಟ್ಟ ಊರಿನಲ್ಲಿ 1880ರ ದಶಕದ ಟ್ಯಾಂಕಿದೆ. ಆ ಊರಿಗೆ ಸಣ್ಣ ವಿಮಾನದವರು ಹುಲ್ಲಿನ ಮೇಲೆ ಇಳಿದು, ವಿಮಾನವನ್ನು ರಸ್ತೆಯಲ್ಲೇ ಓಡಿಸಿಕೊಂಡು ಹೋಟೆಲಿಗೆ ಊಟಕ್ಕೆ ಬರುತ್ತಾರಂತೆ. ಕೆನಡಾದವರದ್ದು ಇನ್ನೊಂದು ಬಗೆ. ಅಲ್ಲಿಯ ಚಳಿಗೆ ಹಲಗೆ ಸಾಲದು. ಟ್ಯಾಂಕಿನ ಸುತ್ತ ಎಂಟು ಮೂಲೆಯ ಮರದ ಮನೆ ಕಟ್ಟಿ, ಕೆಳಗೆ ಒಲೆ ಹಾಕಿ, ಹೊಗೆ ಕೊಳವೆಯನ್ನು ಟ್ಯಾಂಕಿನ ನಡುವಿನಿಂದಲೇ ಮೇಲಕ್ಕೆ ಬಿಡುತ್ತಿದ್ದರು. ಆಲ್ಬರ್ಟಾದ ಹೈನ್ಸ್‌ಬರ್ಗಿನಲ್ಲಿ ಹಳೆಯ ಮರದ ಟ್ಯಾಂಕೊಂದು ಉಳಿದಿದೆ.

ಇಂಥ ಟ್ಯಾಂಕು ಉಳಿಯಬೇಕಾದರೆ ಕೊಳೆತ ಹಲಗೆ ಬದಲಾಯಿಸುತ್ತಲೇ ಇರಬೇಕು. ‘ಹಲಗೆಯೆಲ್ಲ ಬದಲಾಯಿಸಿದ ಮೇಲೆ ಅದು ಹಳೆಯದು ಹೇಗಾಗುತ್ತೆ?’ ಎಂದು ಅಳಿಯಂದಿರು ಕೇಳಿದರು. ಒಳ್ಳೆಯ ಪ್ರಶ್ನೆಯೇ. ನನ್ನ ಉತ್ತರ ಬಡಗಿಯದು. ಟ್ಯಾಂಕು ಓಡುತ್ತಿದ್ದ ಕಾಲದಲ್ಲೂ ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಿದ್ದರು. ಅದನ್ನು ಹಾಗೆಂದೇ ಕಟ್ಟಿದ್ದು. ಕೊಳೆತ ಹಲಗೆಯನ್ನು ಮುಟ್ಟಬೇಡಿ, ಅದು ಅಸಲಿ ಅಂತ ಬೇಲಿ ಹಾಕಿದರೆ ಇನ್ನೊಂದಷ್ಟು ವರ್ಷಕ್ಕೆ ಬೇಲಿ ಮಾತ್ರ ಇರುತ್ತದೆ. ಕಂಬ್ರಸ್ ದಾರಿಯಲ್ಲಿ ಬೇಸಿಗೆಗೆ ಸ್ವಯಂಸೇವಕರು ಬಂದು ಉಳಿ ಸುತ್ತಿಗೆ ಹಿಡಿಯುತ್ತಾರೆ, ಅದರಲ್ಲಿ ನನ್ನ ವಯಸ್ಸಿನವರೂ ಇರುತ್ತಾರೆ. ಆ ಕೈಗಳು ಇರುವಷ್ಟು ದಿನ ಟ್ಯಾಂಕಿಗೆ ಭಯವಿಲ್ಲ.

ಇನ್ನು, ಈ ಕೆಲಸ ಗೊತ್ತಿರುವವರೇ ಈಗಿಲ್ಲ ಎಂದು ನಿಮ್ಮ ಲೇಖಕರು ಬರೆದಿದ್ದಾರೆ. ಅದೂ ಪೂರ್ತಿ ಸರಿಯಲ್ಲ. ನ್ಯೂಯಾರ್ಕಿನ ಎತ್ತರದ ಕಟ್ಟಡಗಳ ಮಾಳಿಗೆ ಮೇಲೆ ಇಂದಿಗೂ ಮರದ ನೀರಿನ ಟ್ಯಾಂಕು ಕೂರಿಸುತ್ತಾರೆ. ಅಂಟಿಲ್ಲ, ಒಳಗೆ ಬಣ್ಣವಿಲ್ಲ, ಹಲಗೆ ಮತ್ತು ಪಟ್ಟಿ ಮಾತ್ರ. ಹೊಸ ಟ್ಯಾಂಕು ಮೊದಲು ಸೋರುತ್ತದೆ, ಮರ ಉಬ್ಬಿದ ಮೇಲೆ ನಿಲ್ಲುತ್ತದೆ. ಸುಮಾರು 30 ವರ್ಷ ಬಾಳಿಕೆ. ಅದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ನ್ಯೂಯಾರ್ಕಿನಲ್ಲಿರುವ ನಮ್ಮವರು ದಿನಾ ಆ ಟ್ಯಾಂಕಿನ ನೀರನ್ನೇ ಕುಡಿಯುತ್ತಿದ್ದರೂ ಕತ್ತೆತ್ತಿ ನೋಡಿರಲಿಕ್ಕಿಲ್ಲ.

ಮುಂದಿನ ಸಲ ಉಗಿ ರೈಲಿನ ಬಗ್ಗೆ ಬರೆಸುವಾಗ ಟ್ಯಾಂಕಿಗೂ ಅರ್ಧ ಪುಟ ಕೊಡಿ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಓದುಗರಿಗೂ ಒಂದು ಮಾತು. ಆ ರೈಲು ಓಡುವುದು ಮೇ ಕೊನೆಯಿಂದ ಅಕ್ಟೋಬರ್ ತನಕ, ಚಳಿಗಾಲದಲ್ಲಿ ಹಿಮದ ಕಾಟ. ಬೆಳಿಗ್ಗೆ ರೈಲು ಹೊರಡುವ ಮುಂಚೆಯೇ ಚಾಮಾದ ಯಾರ್ಡಿಗೆ ಹೋಗಿ. ಸ್ವೆಟರ್ ಇರಲಿ, ಬೇಸಿಗೆಯಲ್ಲೂ ಘಾಟಿನ ಮೇಲೆ ಚಳಿ ಇರುತ್ತದೆ. ಟ್ಯಾಂಕಿನ ಕೆಳಗಿನ ನಾಲ್ಕೈದು ಪಟ್ಟಿಗಳ ಗಂಟು ಎಲ್ಲೆಲ್ಲಿವೆ ಎಂದು ಒಂದು ಸುತ್ತು ಹಾಕಿ ನೋಡಿ. ಹತ್ತುವ ಏಣಿ ಕಂಡರೆ ಹತ್ತಬೇಡಿ, ಬೈಯುತ್ತಾರೆ.

ಇಂತಿ ನಿಮ್ಮ ಓದುಗ,
ಹುಬ್ಬಳ್ಳಿ